ಎರೆ ನೆಲದಲ್ಲಿ ಬೆಳ್ಳುಳ್ಳಿ ಬಳ್ಳಿ

ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯ ನೆಲ ಅಪ್ಪಟ ಎರೆ, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗಾಲದಲ್ಲಿ ಹಿತ್ತಲಿಗೆ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಏಪ್ರಿಲ್ ಬಂತೆಂದರೆ ಬಿರುಕಿನೊಳಗೆ ಕೈ ಇಳಿಯುತ್ತದೆ. ಇಂಥ ನೆಲದಲ್ಲಿ ಬಳ್ಳಿ ಬೆಳೆಸುವವರು ಗೊಬ್ಬರಕ್ಕಿಂತ ಮೊದಲು ನೀರು ಬಸಿದು ಹೋಗುವ ದಾರಿ ನೋಡಬೇಕು.

ಗೇಟಿನ ಮೇಲಿನ ಹಂದರಕ್ಕೆ ವರ್ಷವಿಡೀ ಹಸಿರಾಗಿರುವ ಬಳ್ಳಿ ಬೇಕಿತ್ತು. ಬೆಳ್ಳುಳ್ಳಿ ಬಳ್ಳಿಯನ್ನು ಆರಿಸಿಕೊಂಡೆ. ಮೂಲ ದಕ್ಷಿಣ ಅಮೆರಿಕದ್ದು. ಎಲೆಯನ್ನು ಹಿಸುಕಿದರೆ ಥೇಟ್ ಬೆಳ್ಳುಳ್ಳಿ ವಾಸನೆ, ಏಕೆಂದರೆ ಬೆಳ್ಳುಳ್ಳಿಯಲ್ಲಿರುವಂಥದೇ ಗಂಧಕದ ಅಂಶಗಳು ಇದರಲ್ಲೂ ಇವೆ. ಮುಟ್ಟದಿದ್ದರೆ ಹಂದರದ ಕೆಳಗೆ ಕುಳಿತವರಿಗೆ ಆ ವಾಸನೆಯ ಸುಳಿವೂ ಸಿಗುವುದಿಲ್ಲ.

ಧಾರವಾಡದಲ್ಲಿರುವ ಅಕ್ಕನ ಮನೆಯದು ಕೆಂಪು ಮಣ್ಣು. ಅಲ್ಲಿ ಗುಂಡಿ ತೋಡಿ ನೆಟ್ಟರೆ ಸಾಕು. ಎರೆಯಲ್ಲಿ ಹಾಗಲ್ಲ. ಗುಂಡಿಗೆ ಸಡಿಲ ಮಣ್ಣು ತುಂಬಿದರೆ ಸುತ್ತಲಿನ ಎರೆ ನೀರನ್ನು ಹೊರಗೆ ಬಿಡುವುದಿಲ್ಲ. ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಆದ್ದರಿಂದ ನಾನು ಗುಂಡಿಯ ಗೋಜಿಗೇ ಹೋಗಲಿಲ್ಲ. ಗೋಡೆಯಿಂದ 2 ಅಡಿ ಬಿಟ್ಟು, ನೆಲದ ಮೇಲೆಯೇ ಇಟ್ಟಿಗೆ ಜೋಡಿಸಿ, ಒಂದೂಕಾಲು ಅಡಿ ಎತ್ತರದ ಏರುಮಡಿ ಕಟ್ಟಿದೆ. ಮಸಾರಿ (ಸಡಿಲವಾದ ಕೆಂಪು) ಮಣ್ಣು ಎರಡು ಪಾಲು, ಎರೆ ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಇಟ್ಟಿಗೆಗಳ ನಡುವೆ ಗಾರೆ ಹಾಕಿಸಲಿಲ್ಲ, ಸಂದಿಯಿಂದ ನೀರು ಇಳಿಯಲಿ ಎಂದು. ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆಯ ಹೊದಿಕೆ ದಪ್ಪಗೆ ಇರಬೇಕು. ಇಲ್ಲವಾದರೆ ಕೆಳಗಿನ ಎರೆ ಬಿರಿಯುವಾಗ ಎಳೆ ಬೇರುಗಳನ್ನು ಹರಿದುಹಾಕುತ್ತದೆ.

ಈ ಬಳ್ಳಿಯ ಎಲೆಗಳು ಜೋಡಿ ಜೋಡಿ. ಜೋಡಿಯ ನಡುವಿನಿಂದ ಸಣ್ಣ ನುಲಿ ಹೊರಡುತ್ತದೆ. ತೆಳುವಾದ ತಂತಿ ಸಿಕ್ಕರೆ ಸುತ್ತಿಕೊಳ್ಳುತ್ತದೆ. ಬರಿಯ ಗೋಡೆಯನ್ನಾಗಲಿ ದಪ್ಪ ಕೊಳವೆಯನ್ನಾಗಲಿ ಹಿಡಿಯಲಾರದು. ಹಂದರದ ಕಬ್ಬಿಣದ ಕೊಳವೆಗಳ ನಡುವೆ ತಂತಿ ಬಿಗಿದ ಮೇಲೆಯೇ ಅದು ಮೇಲೇರಿದ್ದು.

ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಯೂರಿಯಾ ಹಾಕಲು ಓಡಬೇಡಿ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು; ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸುತ್ತೇನೆ. ಸಿಂಪಡಿಸಿದ ಎಲೆಗಳು ಮತ್ತೆ ಹಸಿರಾಗುತ್ತವೆ.

ಹೂವಿನ ವಿಷಯದಲ್ಲಿ ಕತ್ತರಿಯದೇ ಕಾರುಬಾರು. ಹೂ ಬಿಡುವುದು ಹೊಸ ಚಿಗುರಿನಲ್ಲಿ. ನಮ್ಮಲ್ಲಿ ದೊಡ್ಡ ಸುಗ್ಗಿ ಮಳೆ ಹಿಂದೆಗೆದ ಮೇಲೆ, ದಸರಾ ದೀಪಾವಳಿಯ ಆಸುಪಾಸು. ಫೆಬ್ರುವರಿ ಮಾರ್ಚ್‌ನಲ್ಲಿ ಇನ್ನೊಂದು ಸಣ್ಣದು. ಆ ಸಣ್ಣ ಸುಗ್ಗಿ ಮುಗಿದ ಕೂಡಲೇ ಧೈರ್ಯವಾಗಿ ಕತ್ತರಿಸುತ್ತೇನೆ. ಜುಲೈ ಕಳೆದ ಮೇಲೆ ಒಂದು ಕುಡಿಯನ್ನೂ ಮುಟ್ಟುವುದಿಲ್ಲ. ಗಣೇಶ ಚೌತಿಗೆ ಮನೆಯ ಮುಂದೆ ಅಚ್ಚುಕಟ್ಟಾಗಿರಲಿ ಎಂದು ಕತ್ತರಿಸುವವರು ದಸರೆಯ ಹೂವನ್ನೇ ಕತ್ತರಿಸಿ ಎಸೆಯುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅರಳಿದ ದಿನ ಹೂವು ಗಾಢ ನೇರಳೆ, ಆಮೇಲೆ ತಿಳಿ ನೇರಳೆ, ಉದುರುವ ಹೊತ್ತಿಗೆ ಹೆಚ್ಚುಕಡಿಮೆ ಬಿಳಿ. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಇರುವುದರಿಂದ ಹಲವರು ಎರಡು ಮೂರು ಬಳ್ಳಿ ಹಬ್ಬಿಸಿದ್ದೇನೆಂದು ತಿಳಿಯುತ್ತಾರೆ. ಸಸಿ ಕೇಳಿದವರಿಗೆ ಮುಂಗಾರಿನ ಮೊದಲ ಮಳೆಗಳಲ್ಲಿ ಪೆನ್ಸಿಲ್ ದಪ್ಪದ, ಮೂರು ಗೆಣ್ಣಿನ ಕಡ್ಡಿ ಕೊಡುತ್ತೇನೆ. ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಟ್ಟರೆ ಬೇರು ಬಿಡುತ್ತದೆ.