ತಿರುಗುವುದು, ಕಾಯುವುದು: ಆಫ್-ಗ್ರಿಡ್ ಸೌರ ಇನ್ವರ್ಟರ್ ಮೇಲೆ ಭಾರದ ಉಪಕರಣಗಳನ್ನು ನಡೆಸುವ ಬಗೆ

ಆಫ್-ಗ್ರಿಡ್, ಎಂದರೆ ಹೊರಗಿನ ಕರೆಂಟಿನ ಸಂಪರ್ಕವಿಲ್ಲದೆ ಸೌರ ಪ್ಯಾನಲ್, ಬ್ಯಾಟರಿಗಳಿಂದಲೇ ನಡೆಯುವ ಮನೆಯವರು ನನ್ನನ್ನು ಕರೆಸಿದಾಗ ಮೊದಲು ಕೇಳಿಬರುವ ದೂರು ಇದು: “ಮೂರು ಕಿಲೋವ್ಯಾಟ್ ಇನ್ವರ್ಟರ್ ಇದೆ, ಒಂದು ಎಚ್‌ಪಿ ಪಂಪಿಗೇ ಕೂಗಿಕೊಂಡು ನಿಂತುಬಿಡುತ್ತದೆ. ಇದಕ್ಕಿಂತ ದೊಡ್ಡದು ತರಬೇಕೇ?” ತರುವುದು ಆಮೇಲಿನ ಮಾತು. ಮೊದಲು ಮನೆಯಲ್ಲಿರುವ ಭಾರದ, ಎಂದರೆ ಹೆಚ್ಚು ವಿದ್ಯುತ್ ಎಳೆಯುವ, ಉಪಕರಣಗಳನ್ನು ಎರಡು ಗುಂಪು ಮಾಡಿಕೊಳ್ಳಿ: ಮೋಟಾರಿನಿಂದ ತಿರುಗುವಂಥವು, ಬಿಸಿಯಾಗಿ ಕಾಯುವಂಥವು. ಪಂಪು, ಫ್ರಿಜ್, ಎಸಿ ತಿರುಗುವ ಗುಂಪು. ಇನ್ವರ್ಟರಿಗೆ ಕಷ್ಟ ಕೊಡುವುದು ಇವು. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಕಾಯುವ ಗುಂಪು. ಇವು ಬ್ಯಾಟರಿಯನ್ನು ಹಿಂಡುತ್ತವೆ. ಬಟ್ಟೆ ಒಗೆಯುವ ಯಂತ್ರ ಎರಡರಲ್ಲೂ ಸೇರುತ್ತದೆ, ತಣ್ಣೀರಿನಲ್ಲಿ ಒಗೆದರೆ ಮೊದಲನೆಯದರಲ್ಲಿ ಮಾತ್ರ.

ಒಂದು ಎಚ್‌ಪಿ ಎಂದರೆ 746 ವ್ಯಾಟ್. ಅದು ಮೋಟಾರು ಕೊಡುವ ಶಕ್ತಿ, ತೆಗೆದುಕೊಳ್ಳುವುದಲ್ಲ. ಮನೆಯ ಪಂಪು ಓಡುವಾಗ ಸಾವಿರ ವ್ಯಾಟ್ ಮೀರಿ ಎಳೆಯುತ್ತದೆ. ನಿಂತ ಮೋಟಾರು ಹೊರಡುವ ಗಳಿಗೆಯಲ್ಲಂತೂ ಓಡುವಾಗಿನ ಕರೆಂಟಿನ ಐದರಿಂದ ಏಳು ಪಟ್ಟು ಬೇಡುತ್ತದೆ. ಆ ಒಂದು ಸೆಕೆಂಡನ್ನು ದಾಟಿಸಲಾರದ ಇನ್ವರ್ಟರ್ ಓವರ್‌ಲೋಡ್ ಎಂದು ಕೈಚೆಲ್ಲುತ್ತದೆ. ಆದ್ದರಿಂದ ಡಬ್ಬದ ಮೇಲಿನ ದಪ್ಪ ಅಕ್ಷರದ ಕಿಲೋವ್ಯಾಟ್ ಬಿಟ್ಟು, ಕೈಪಿಡಿಯಲ್ಲಿ ಸರ್ಜ್ (ಕ್ಷಣಕಾಲ ತಾಳಬಲ್ಲ ಹೆಚ್ಚಿನ ಹೊರೆ) ಎಷ್ಟು, ಎಷ್ಟು ಹೊತ್ತು ಎಂಬುದನ್ನು ಹುಡುಕಿ. ಇನ್ವರ್ಟರನ್ನು ಎತ್ತಿ ನೋಡಿದರೂ ಸುಳಿವು ಸಿಗುತ್ತದೆ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಇನ್ವರ್ಟರ್ ದುಪ್ಪಟ್ಟು ಹೊರೆಯನ್ನು ಕೆಲವು ಸೆಕೆಂಡು ತಾಳುತ್ತದೆ. ಹಗುರವಾದವು ಬಹಳಷ್ಟು ಸಲ ಕಣ್ಣು ಮಿಟುಕಿಸುವಷ್ಟರಲ್ಲೇ ಸೋಲುತ್ತವೆ.

ಪಂಪನ್ನು ಮೊದಲು ಹೊರಡಿಸಿ, ಉಳಿದವನ್ನು ಆಮೇಲೆ ಹಾಕಿ. ಮೋಟಾರನ್ನು ಮೆಲ್ಲಗೆ ಹೊರಡಿಸುವ ಸಾಫ್ಟ್ ಸ್ಟಾರ್ಟರ್ ಹಾಕಿಸುವುದಾದರೆ ಸಿಂಗಲ್ ಫೇಸ್ ಮೋಟಾರಿಗೆಂದೇ ಮಾಡಿದ್ದನ್ನು ತರಿಸಿ. ಹೊಸ ಎಸಿ, ಫ್ರಿಜ್ ಕೊಳ್ಳುವಾಗ ಇನ್ವರ್ಟರ್ ಕಂಪ್ರೆಸರ್ ಇರುವುದನ್ನೇ ಆರಿಸಿ. ಅದು ನಿಧಾನವಾಗಿ ವೇಗ ಹಿಡಿಯುವುದರಿಂದ ಆ ಮೊದಲ ಹೊಡೆತವೇ ಇರುವುದಿಲ್ಲ.

ಇಷ್ಟಾದರೂ ನಿಲ್ಲುತ್ತಿದ್ದರೆ ಇನ್ವರ್ಟರನ್ನು ಬೈಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ ಎರಡು ಕಿಲೋವ್ಯಾಟ್ ಹೀಟರ್ ಹಾಕಿದರೆ ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಡಿಸಿ ತಂತಿಯಲ್ಲಿ, ಇನ್ವರ್ಟರಿನ ನಷ್ಟವೂ ಸೇರಿ, ಸುಮಾರು 46 ಆಂಪಿಯರ್ ಹರಿಯುತ್ತದೆ. 24 ವೋಲ್ಟಾದರೆ ಅದರ ಎರಡು ಪಟ್ಟು, 12 ವೋಲ್ಟಾದರೆ ನಾಲ್ಕು ಪಟ್ಟು. (12 ವೋಲ್ಟಿನಲ್ಲಿ ಗೀಸರ್ ಓಡಿಸುವ ಆಸೆಯನ್ನು ಇಲ್ಲಿಯೇ ಕೈಬಿಡಿ.) ಹೀಟರ್ ಉರಿಯುತ್ತಿರುವಾಗ ಬ್ಯಾಟರಿ ಸಾಲಿನ ಎರಡು ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ, ಕೂಡಲೇ ಇನ್ವರ್ಟರಿನ ಡಿಸಿ ಟರ್ಮಿನಲ್‌ಗಳಲ್ಲಿ ಅಳೆಯಿರಿ. ಬ್ಯಾಟರಿಯ ಬಳಿ 50 ತೋರಿಸಿ ಇನ್ವರ್ಟರಿನ ಬಳಿ 48 ತೋರಿಸಿದರೆ ಆ ಎರಡು ವೋಲ್ಟನ್ನು ತಂತಿ, ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ), ಫ್ಯೂಸುಗಳಲ್ಲಿ ಯಾವುದೋ ತಿನ್ನುತ್ತಿದೆ. ಎರಡು ವೋಲ್ಟನ್ನು 46 ಆಂಪಿಯರಿನಿಂದ ಗುಣಿಸಿ: 92 ವ್ಯಾಟ್, ಅಷ್ಟೂ ಬಿಸಿಯೇ. ಎಲ್ಲವನ್ನೂ ಆರಿಸಿ ಒಂದೊಂದೇ ಲಗ್ ಮುಟ್ಟಿ ನೋಡಿದರೆ ಕಳ್ಳ ಸಿಗುತ್ತಾನೆ. ಉಳಿದವಕ್ಕಿಂತ ಅದು ಬೆಚ್ಚಗಿರುತ್ತದೆ. ಎರಡೂ ಕಡೆ ಒಂದೇ ಸಮ ಕುಸಿದಿದ್ದರೆ ಬ್ಯಾಟರಿಯೇ ದಣಿದಿದೆ, ಇಲ್ಲವೇ ಸಾಲದು.

ಇನ್ನು ಕಾಯುವ ಗುಂಪು. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. 150 ಎಎಚ್‌ನ (ಆಂಪಿಯರ್-ಗಂಟೆಯ), 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳಲ್ಲಿ ಕಾಗದದ ಮೇಲೆ 7.2 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಅದರಲ್ಲೂ ಆ 150 ಎಂಬುದು ಹತ್ತು ಅಥವಾ ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. ಗೀಸರಿನಂತೆ ಒಮ್ಮೆಲೇ ಎಳೆದರೆ ಅಷ್ಟು ಸಿಗುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್‌ಗೆ ಈ ಕಾಟ ಕಡಿಮೆ, ಆದರೆ ಅದರೊಳಗಿನ ಕಾವಲು ಸರ್ಕ್ಯೂಟಾದ ಬಿಎಂಎಸ್‌ನ ಮಿತಿ 50 ಆಂಪಿಯರ್ ಇದ್ದರೆ ಎರಡೂವರೆ ಕಿಲೋವ್ಯಾಟ್ ದಾಟಿದ ಮೇಲೆ ಇಡೀ ಮನೆಯೇ ಕತ್ತಲಾಗಬಹುದು.

ಹೀಗಾಗಿ ಕಾಯುವ ಕೆಲಸಗಳನ್ನೆಲ್ಲ ಬಿಸಿಲಿಗೆ ಕಟ್ಟಿಹಾಕಿ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬುತ್ತಾ ಬಂದಾಗ ಮೂರು ಕಿಲೋವ್ಯಾಟ್ ಪ್ಯಾನಲ್‌ಗಳು ಸುಡುಬಿಸಿಲಿನಲ್ಲೂ ಬರೀ ಆರುನೂರು ವ್ಯಾಟ್ ತೋರಿಸುತ್ತಿರುತ್ತವೆ. ದೂಳು ಕೂತಿದೆ ಎಂದು ಬಟ್ಟೆ ಹಿಡಿದು ಮಹಡಿ ಹತ್ತುವವರಿದ್ದಾರೆ. ಹತ್ತಬೇಡಿ, ಗೀಸರ್ ಹಾಕಿ ನೋಡಿ. ಅಂಕಿ ಸರಸರನೆ ಎರಡು ಸಾವಿರ ದಾಟುತ್ತದೆ. ಅಲ್ಲಿಯವರೆಗೆ ಕೇಳುವವರಿಲ್ಲದ್ದರಿಂದ ಪ್ಯಾನಲ್ಲಿನಿಂದ ಬ್ಯಾಟರಿ ತುಂಬಿಸುವ ಕಂಟ್ರೋಲರ್ ತಾನಾಗಿ ತಡೆದಿಟ್ಟಿದ್ದ ವಿದ್ಯುತ್ ಅದು, ಬ್ಯಾಟರಿಯನ್ನು ಹಾಯದೆ ನೇರವಾಗಿ ನೀರಿಗೆ ಹೋಗುತ್ತದೆ. ಹನ್ನೊಂದರಿಂದ ಎರಡರವರೆಗೆ ಟೈಮರ್ ಹಾಕಿಬಿಟ್ಟರೆ ಮರೆಯುವ ಮಾತೇ ಇಲ್ಲ. ಮೋಡ ಹಾಯ್ದಾಗ ಪೂರ್ತಿ ಹೊರೆ ಕ್ಷಣದಲ್ಲಿ ಬ್ಯಾಟರಿಯ ಮೇಲೆ ಬೀಳುತ್ತದೆ ಎಂಬುದಷ್ಟು ನೆನಪಿರಲಿ.

ಗೀಸರಿನ ಎರಡು ಸಾವಿರ ವ್ಯಾಟಿನ ಕಾಯಿಲ್ ತೆಗೆಸಿ ಸಾವಿರದ್ದು ಹಾಕಿಸಿ. ನೀರು ಕಾಯಲು ಬೇಕಾದ ಯೂನಿಟ್ ಅಷ್ಟೇ, ಹೊತ್ತು ಮಾತ್ರ ಇಮ್ಮಡಿ. ಕಾಯಿಲ್ ಬದಲಿಸುವ ಬದಲು ಸಾಲಿನಲ್ಲಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸೇರಿಸಿ ಅರ್ಧ ಮಾಡುತ್ತೇನೆ ಎನ್ನುವ ಜಾಣರಿಗೆ ಸೊಪ್ಪು ಹಾಕಬೇಡಿ. ಅರ್ಧ ಅಲೆಯನ್ನಷ್ಟೇ ಎಳೆದರೆ ಇನ್ವರ್ಟರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಹಲವು ಹೇರ್ ಡ್ರೈಯರ್‌ಗಳ ‘ಕಡಿಮೆ’ ಗುಂಡಿಯೊಳಗೆ ಇರುವುದೂ ಈ ಡಯೋಡೇ, ಹಾಗಾಗಿ ಪೂರ್ತಿ ಬಿಸಿಗಿಂತ ಅರ್ಧ ಬಿಸಿಗೇ ಕೆಲವು ಇನ್ವರ್ಟರ್‌ಗಳು ನರಳುತ್ತವೆ. ಇಂಡಕ್ಷನ್ ಒಲೆಯನ್ನು ಸಣ್ಣ ಉರಿಗೆ ಇಳಿಸಿದಿರೆಂದು ನಿಶ್ಚಿಂತರಾಗಬೇಡಿ, ಎಷ್ಟೋ ಒಲೆಗಳು ಆಗಲೂ ದೊಡ್ಡ ಹೊರೆಯನ್ನೇ ಬಿಟ್ಟು ಬಿಟ್ಟು ಎಳೆಯುತ್ತವೆ. 800 ವ್ಯಾಟ್ ಎಂದು ಬರೆದ ಮೈಕ್ರೋವೇವ್ ಸಾಕೆಟ್ಟಿನಿಂದ 1,200ರ ಆಸುಪಾಸು ಎಳೆಯುತ್ತದೆ.

ಇನ್ವರ್ಟರ್ ತಾನೂ ತಿನ್ನುತ್ತದೆ. ಖಾಲಿ ಕೂತು 50 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 1.2 ಯೂನಿಟ್ ನುಂಗುತ್ತದೆ, ಎಂದರೆ ಮೇಲೆ ಹೇಳಿದ ಗೀಸರನ್ನು ಎರಡು ಸಲ ಕಾಯಿಸುವಷ್ಟು.

ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಡಿಸಿ ಫ್ಯೂಸ್ ಇರಬೇಕು. ಎಸಿ ಕರೆಂಟಿಗೆ ಮಾತ್ರ ಮಾಡಿದ ಎಂಸಿಬಿಯನ್ನು (ಹೊರೆ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚನ್ನು) ಅಲ್ಲಿ ಕೂರಿಸಬೇಡಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರುತ್ತದೆ, ಡಿಸಿಯಲ್ಲಿ ಆ ಬಿಡುವಿಲ್ಲದೆ ಉರಿಯುತ್ತಲೇ ಇರಬಹುದು. ಯಾವುದೇ ನಟ್ಟು ಸಡಿಲಿಸುವ ಮೊದಲು ಉಂಗುರ, ಗಡಿಯಾರ ತೆಗೆದಿಟ್ಟು ಮನೆಯ ಲೋಡ್ ಆರಿಸಿ, ಆಮೇಲೆ ಪ್ಯಾನಲ್ ಕಡೆಯ ಬ್ರೇಕರ್, ಕೊನೆಗೆ ಬ್ಯಾಟರಿ. ಪ್ಯಾನಲ್ ಜೋಡಿಸಿರುವಾಗಲೇ ಬ್ಯಾಟರಿಯನ್ನು ಕಿತ್ತರೆ ಕಂಟ್ರೋಲರ್ ಸುಟ್ಟುಹೋಗಬಹುದು.