ಟಿಕ್ ಹಾಕುವುದನ್ನು ಬಿಟ್ಟ ಮೇಲೆ

ಒಂದು ವರ್ಷದಲ್ಲಿ ಇಡೀ ಬೈಬಲ್ ಓದಿ ಮುಗಿಸಬೇಕು ಅಂತ ಹಠ ಹಿಡಿದಿದ್ದೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ ಓದಿದರೆ ಆಯ್ತು. ಒಂದೊಂದು ಮುಗಿದಾಗಲೂ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಟಿಕ್.

ಆದಿಕಾಂಡ ಕಥೆಯ ಹಾಗೆ ಓಡಿತು. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ಚೆನ್ನಾಗಿತ್ತು. ಆಮೇಲೆ ದೇವರ ಆರಾಧನೆಯ ಗುಡಾರದ ಅಳತೆಗಳು, ಯಾಜಕಕಾಂಡದ ಬಲಿಗಳು, ಮೈಲಿಗೆಯ ನಿಯಮಗಳು. ಕಣ್ಣು ಸಾಲಿನ ಮೇಲೆ, ಮನಸ್ಸು ಇನ್ನೆಲ್ಲೋ. ಟಿಕ್ ಮಾತ್ರ ಬೀಳ್ತಾ ಇತ್ತು. ಅರಣ್ಯಕಾಂಡದ ಜನಗಣತಿಗೆ ಬರುವಷ್ಟರಲ್ಲಿ ಓದು ನಿಂತೇ ಹೋಯಿತು. ಮರುವರ್ಷವೂ ಅಷ್ಟೇ.

ನಿಂತಿತಲ್ಲ ಅಂತ ಬೇಜಾರಾಗಲಿಲ್ಲ. ಅಷ್ಟೊಂದು ಓದಿಯೂ, ಪ್ರಾರ್ಥನೆಗೆ ಕೂತರೆ ಬಾಯಿಗೆ ಏನೂ ಬರುತ್ತಿರಲಿಲ್ಲ. ಅದು ನೋವಾಯಿತು. ದೇವರ ವಿಷಯ ಗೊತ್ತಾಗುತ್ತಿತ್ತು. ದೇವರ ಜೊತೆ ಮಾತಿರಲಿಲ್ಲ.

ಆ ಹೊತ್ತಿಗೆ ಅಮ್ಮ ಆಸ್ಪತ್ರೆ ಸೇರಿದರು. ರಾತ್ರಿ ಅವರ ಪಕ್ಕ ಕೂತಾಗ ಉದ್ದ ಅಧ್ಯಾಯ ಓದುವ ಶಕ್ತಿ ಇರಲಿಲ್ಲ. 23ನೇ ಕೀರ್ತನೆ ತೆಗೆದೆ. ಬರೀ ಆರು ವಚನ. ಚಿಕ್ಕಂದಿನಿಂದ ಬಾಯಿಪಾಠ. ಅಮ್ಮನಿಗೆ ಕೇಳಲಿ ಅಂತ ಮೆಲ್ಲಗೆ, ಬಾಯಿಬಿಟ್ಟು ಓದಿದೆ. ಮೊದಲ ಮೂರು ವಚನದಲ್ಲಿ ದಾವೀದ ಯೆಹೋವನ ಬಗ್ಗೆ ಹೇಳುತ್ತಾನೆ. ಆತನು ನನ್ನನ್ನು ನೀರಿನ ಬಳಿಗೆ ಕರೆದುಕೊಂಡು ಹೋಗುತ್ತಾನೆ, ಆತನು ನನ್ನನ್ನು ನಡೆಸುತ್ತಾನೆ ಅಂತ. ನಾಲ್ಕನೇ ವಚನದಲ್ಲಿ ಕತ್ತಲ ಕಣಿವೆ ಬರುತ್ತದೆ. ಅಲ್ಲಿಗೆ ಬಂದ ಕೂಡಲೇ 'ಆತನು' ಹೋಗಿ 'ನೀನು' ಆಗುತ್ತದೆ. ನೀನು ನನ್ನ ಜೊತೆಗಿದ್ದೀ.

ಎಷ್ಟು ವರ್ಷ ಹೇಳಿಕೊಂಡು ಬಂದಿದ್ದೆನೋ, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ. ಪುಸ್ತಕ ಮುಚ್ಚಿ ನಾನೂ 'ನೀನು' ಅಂತಲೇ ಶುರು ಮಾಡಿದೆ. ಮಾತು ಬಂತು.

ಅವತ್ತಿನಿಂದ ನನ್ನ ಓದು ಬದಲಾಯಿತು. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಕೂರುತ್ತೇನೆ. ಹತ್ತು ಹನ್ನೆರಡು ವಚನ ಸಾಕು. ಒಂದು ಸಲ ಸುಮ್ನೆ, ಇನ್ನೊಂದು ಸಲ ಬಾಯಿಬಿಟ್ಟು. ಎಲ್ಲಿ ಮನಸ್ಸು ತಡೆಯುತ್ತೋ ಅಲ್ಲೇ ನಿಲ್ಲುತ್ತೇನೆ. ಓದಿದ ಮಾತಿಗೆ ಉತ್ತರ ಕೊಡುವ ಹಾಗೆ ಪ್ರಾರ್ಥಿಸುತ್ತೇನೆ. ಕೆಲವು ದಿನ ಏನೂ ತಟ್ಟುವುದಿಲ್ಲ. ಆಗಲೂ ಅಲ್ಲೇ ಕೂರುತ್ತೇನೆ.

ಬೈಬಲಿನಲ್ಲಿರುವ ಪತ್ರಗಳಿಗೆ ಮಾತ್ರ ಬೇರೆ ದಾರಿ. ಅಪೊಸ್ತಲ ಪೌಲ ಸೆರೆಯಿಂದ ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಬರೆದದ್ದು ನಾಲ್ಕೇ ಅಧ್ಯಾಯ. ಆ ಅಧ್ಯಾಯದ ಗೆರೆಗಳೂ ಅವನು ಹಾಕಿದ್ದಲ್ಲ, 13ನೇ ಶತಮಾನದಲ್ಲಿ ಬಂದದ್ದು. ಈ ಪತ್ರಗಳಿರುವ ಹೊಸ ಒಡಂಬಡಿಕೆಯಲ್ಲಿ ಈಗ ನಾವು ನೋಡುವ ವಚನದ ಅಂಕಿಗಳು 1551ರಲ್ಲಿ ಅಚ್ಚಾದವು. ಪತ್ರ ಬಂದರೆ ಯಾರಾದರೂ ನಾಲ್ಕು ದಿನ ಓದುತ್ತಾರಾ? ಒಂದೇ ಕೂರಿಕೆಯಲ್ಲಿ ಓದಿದಾಗ, ಬೇಡಿ ಹಾಕಿಸಿಕೊಂಡ ಮನುಷ್ಯ ಮತ್ತೆ ಮತ್ತೆ ಸಂತೋಷಪಡಿರಿ ಅನ್ನುವುದು ಕಿವಿಗೆ ಬಿತ್ತು.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಂದು ವಾರ ಕಳೆದೆ. ಯೇಸುವಿನ ಶಿಷ್ಯರಾದ ಯಾಕೋಬ ಮತ್ತು ಯೋಹಾನ ಬಂದು, ನಾವು ಕೇಳಿದ್ದನ್ನು ನಡೆಸಿಕೊಡಬೇಕು ಅನ್ನುತ್ತಾರೆ. ನಿಮಗೆ ನಾನೇನು ಮಾಡಬೇಕು ಅಂತ ಯೇಸು ಕೇಳುತ್ತಾರೆ. ನಿನ್ನ ಬಲಗಡೆ ಒಬ್ಬ, ಎಡಗಡೆ ಒಬ್ಬ ಕೂರಬೇಕು ಅನ್ನುತ್ತಾರೆ ಅಣ್ಣತಮ್ಮ. ಅದೇ ಅಧ್ಯಾಯದ ಕೊನೆಯಲ್ಲಿ, ಯೆರಿಕೋವಿನ ದಾರಿ ಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗುತ್ತಾನೆ. ಜನ ಗದರಿದರೂ ಸುಮ್ಮನಾಗುವುದಿಲ್ಲ. ಯೇಸು ಕರೆದಾಗ ಮೇಲುಹೊದಿಕೆ ಎಸೆದು ಎದ್ದು ಬರುತ್ತಾನೆ. ಅವನಿಗೂ ಅದೇ ಪ್ರಶ್ನೆ, ನಾನು ನಿನಗೆ ಏನು ಮಾಡಬೇಕು? ನನಗೆ ಕಣ್ಣು ಕಾಣಬೇಕು ಅನ್ನುತ್ತಾನೆ.

ಐದನೇ ದಿನ ಈ ಎರಡು ಪ್ರಶ್ನೆ ಒಂದೇ ಅಂತ ಕಂಡಿತು. ಆರನೇ ದಿನ ಅದು ನನ್ನನ್ನೇ ಕೇಳಿದ ಹಾಗಾಯಿತು. ಉತ್ತರ ಹೇಳಲು ಹೋದೆ. ಅಣ್ಣತಮ್ಮ ಕೇಳಿದಂಥದ್ದೇ ನನ್ನ ಬಾಯಲ್ಲೂ ಬಂತು. ಅದನ್ನು ಮುಚ್ಚಿಡಲಿಲ್ಲ, ದೇವರ ಮುಂದೆ ಹಾಗೇ ಹೇಳಿದೆ.

ಹೀಗೆ ಎರಡು ವರ್ಷ ಆದ ಮೇಲೆ ಧೈರ್ಯ ಮಾಡಿ ಯಾಜಕಕಾಂಡಕ್ಕೆ ಹೋದೆ. ದಿನಕ್ಕೆ ಅರ್ಧ ಅಧ್ಯಾಯ. 19ನೇ ಅಧ್ಯಾಯದ ಪಕ್ಕದಲ್ಲಿ ನನ್ನದೇ ಹಳೇ ಟಿಕ್ ಇತ್ತು. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡು. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ. ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ. 17ನೇ ವಚನದಲ್ಲಿ, ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ. ಅದರ ಮುಂದಿನದ್ದೇ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಯೇಸು ಹೇಳಿದ ಆ ದೊಡ್ಡ ಮಾತು ಮೊದಲಿಗೆ ಇಲ್ಲೇ ಇತ್ತು, ನಾನು ಟಿಕ್ ಹಾಕಿ ದಾಟಿಹೋದ ಕಡೆ.

ತಮ್ಮನ ಜೊತೆ ನಾನು ಮಾತು ಬಿಟ್ಟು ಆಗ ಎಂಟು ತಿಂಗಳಾಗಿತ್ತು. ಬಾಯಿಬಿಟ್ಟು ಓದುವಾಗ 17ನೇ ವಚನ ಪೂರ್ತಿ ಮಾಡಲು ಆಗಲಿಲ್ಲ. ಅವತ್ತು ರಾತ್ರಿ ಅವನಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಮುಂದಕ್ಕೆ ಹೋಗಲಿಲ್ಲ, ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದೆ.