ಊರಿಗೆ ರೈಲೋ ವಿಮಾನವೋ: ಲೆಕ್ಕ ಹಾಕುವುದು ಹೀಗೆ

ದೀಪಾವಳಿ ಹತ್ತಿರ ಬಂತೆಂದರೆ ಮುಂಬಯಿ ಪಕ್ಕದ ನಮ್ಮ ಡೊಂಬಿವ್ಲಿಯ ಬಿಲ್ಡಿಂಗಿನಲ್ಲಿ ಒಂದೇ ಮಾತು. "ವಿಮಾನ ಮೂರು ಸಾವಿರಕ್ಕೆ ಸಿಕ್ತು ಮಾರಾಯ್ರೆ, ಇನ್ನು ರೈಲು ಯಾಕೆ?" ವಾಪಸು ಬಂದ ಮೇಲೆ ಅದೇ ಬಾಯಲ್ಲಿ ಬೈಗುಳ. ಮೊಬೈಲಿನಲ್ಲಿ ಮೊದಲು ಕಂಡ ಅಂಕಿಯನ್ನೇ ಖರ್ಚು ಅಂದುಕೊಂಡರೆ ಹೀಗೇ ಆಗುವುದು.

1. ತಾರೀಕು ನೋಡಿ. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಹಬ್ಬದ ಟಿಕೆಟ್ ಬೇಕಾದರೆ ಅವತ್ತೇ ಕೂತುಕೊಳ್ಳಿ.

2. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲೇ. ಒಂದು ಕಾಗದ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಫೋನಿನಲ್ಲಿ ಬೇಡ, ಅಲ್ಲಿ ಮನಸ್ಸು ಮತ್ತೆ ಆಫರ್ ಕಡೆಗೇ ಓಡುತ್ತದೆ.

ಹೋದ ಸಲ ನಾವಿಬ್ಬರು ಉಡುಪಿಗೆ ಹೋಗುವಾಗ ಬರೆದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ವಿಮಾನದ ಟಿಕೆಟ್ 6,800. ಕನ್ವೀನಿಯನ್ಸ್ ಫೀ, ಸೀಟಿನ ದುಡ್ಡು ಎಲ್ಲ ಸೇರಿ 1,300. ಏರ್‌ಪೋರ್ಟಿಗೆ ಟ್ಯಾಕ್ಸಿ 900. ವಿಮಾನ ಇಳಿಯುವುದು ಮಂಗಳೂರಿನ ಬಜ್ಪೆಯಲ್ಲಿ, ಉಡುಪಿಯಲ್ಲಿ ಅಲ್ಲವಲ್ಲ! ಅಲ್ಲಿಂದ ಮನೆಗೆ ಮತ್ತೆ 1,800. ಒಟ್ಟು 10,800. ಗೆರೆಯ ಆಚೆ ಕಡೆ ಮತ್ಸ್ಯಗಂಧ ರೈಲು: ತ್ರೀ ಟೈರ್ ಎಸಿ 3,400, ಠಾಣೆಗೆ ಲೋಕಲ್ 20, ಇಂದ್ರಾಳಿ ಸ್ಟೇಷನ್ನಿಂದ ಆಟೊ 150. ಒಟ್ಟು 3,570. ಮಧ್ಯಾಹ್ನ ಹತ್ತಿ ಮಲಗಿದರೆ ಬೆಳಗಿನ ಹೊತ್ತಿಗೆ ಉಡುಪಿ.

ಇಷ್ಟಕ್ಕೇ ಮುಗಿಯಲಿಲ್ಲ. ಬರುವ ದಾರಿಯ ಗಂಟಿನ ಭಾರವನ್ನೂ ಬರೆಯಿರಿ. ಸ್ಲೀಪರ್, ತ್ರೀ ಟೈರ್ ಎಸಿಯಲ್ಲಿ ತಲೆಗೆ 40 ಕಿಲೋ ಪುಕ್ಕಟೆ. ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ, ಕೈಚೀಲಕ್ಕೆ 7. ಒಮ್ಮೆ ಒಬ್ಬನೇ ವಿಮಾನದಲ್ಲಿ ಬಂದಿದ್ದೆ. ಅತ್ತೆ ಕುಚ್ಚಲಕ್ಕಿ ಹತ್ತು ಕಿಲೋ, ತೆಂಗಿನೆಣ್ಣೆ, ಹಲಸಿನ ಹಪ್ಪಳ ಕಟ್ಟಿಕೊಟ್ಟಿದ್ದರು. ತಕ್ಕಡಿಯಲ್ಲಿ 19.4 ಬಂತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ನಾನು ನೆಲದ ಮೇಲೆ ಚೀಲ ಬಿಚ್ಚಿ ಹಪ್ಪಳವನ್ನು ಜಾಕೆಟ್ ಜೇಬಿಗೆ ತುರುಕುತ್ತಿದ್ದೆ. ಕೊನೆಗೆ ತೆತ್ತ ದುಡ್ಡಿಗೆ ಮಾಟುಂಗದಲ್ಲೇ ಅದಕ್ಕಿಂತ ಜಾಸ್ತಿ ಅಕ್ಕಿ ಬರುತ್ತಿತ್ತು.

ಮಕ್ಕಳಿದ್ದರೆ ಅಂತರ ಇನ್ನೂ ದೊಡ್ಡದು. ರೈಲಿನಲ್ಲಿ 5 ವರ್ಷ ತುಂಬದವರಿಗೆ, ಬೇರೆ ಬರ್ತ್ ಬೇಡವಾದರೆ, ಟಿಕೆಟ್ ಇಲ್ಲ. ವಿಮಾನದಲ್ಲಿ 2 ವರ್ಷ ದಾಟಿದರೆ ಅದಕ್ಕೂ ಒಂದು ಸೀಟು.

3. ದುಡ್ಡು ಕಟ್ಟುವ ಮುಂಚೆ ಟಿಕ್ ಗುರುತುಗಳನ್ನು ನೋಡಿ. ರೈಲಿನ ವಿಮೆ ಒಬ್ಬರಿಗೆ 45 ಪೈಸೆ, ಕಣ್ಣುಮುಚ್ಚಿ ತೆಗೆದುಕೊಳ್ಳಿ. ವಿಮಾನದ ಆ್ಯಪ್‌ಗಳು ತಾವಾಗಿಯೇ ಸೇರಿಸುವ ವಿಮೆ, ಊಟ, "ಬೇಗ ಬೋರ್ಡಿಂಗ್" ಎಲ್ಲ ಕಿತ್ತುಹಾಕಿ. ರೈಲಿನ ಟಿಕೆಟ್ಟಿಗೆ ಮಧ್ಯದವರ ಆ್ಯಪ್ ಸುಮ್ನೆ ದಂಡ. ಐಆರ್‌ಸಿಟಿಸಿ ಒಂದೇ ಸಾಕು. ಯುಪಿಐಯಲ್ಲಿ ಕಟ್ಟಿದರೆ ಅದರ ಫೀ ಕೂಡ ಕಡಿಮೆ.

ವಿಮಾನ ಹೊರಡುವ ಜಾಗವನ್ನೂ ನೋಡಿ. 2025ರ ಡಿಸೆಂಬರಿನಿಂದ ನವಿ ಮುಂಬಯಿಯಿಂದಲೂ ವಿಮಾನ ಹಾರುತ್ತಿದೆ. ಅಲ್ಲಿಯ ಟಿಕೆಟ್ ಹಿಡಿದು ಅಂಧೇರಿಯ ಹಳೆಯ ಏರ್‌ಪೋರ್ಟಿಗೆ ಹೋದರೆ ಕಥೆ ಮುಗಿಯಿತು.

4. ಹೋಗದಿದ್ದರೆ ಎಷ್ಟು ವಾಪಸು ಬರುತ್ತದೆ? ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ನೀವಾಗಿ ರದ್ದು ಮಾಡಿದರೆ ಏನೂ ಬರುವುದಿಲ್ಲ. ವಿಮಾನದ "ನಾನ್ ರಿಫಂಡಬಲ್" ಟಿಕೆಟ್ಟಿನಲ್ಲೂ ಏರ್‌ಪೋರ್ಟಿನ ಶುಲ್ಕಗಳು ವಾಪಸು ಬರಬೇಕು. ಕೇಳದೆ ಬಿಡಬೇಡಿ.

5. ತಡವಾದರೆ, ಕೆಟ್ಟರೆ. ರೈಲಿನಲ್ಲಿ ನೀರಿಲ್ಲ, ಕಕ್ಕಸು ಗಬ್ಬು ಎಂದರೆ 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ಟಿಕೆಟ್ಟಿನ ಪಿಎನ್‌ಆರ್ ನಂಬರ್ ಹಾಕಿ ಬರೆಯಿರಿ. ನನ್ನ ಅನುಭವದಲ್ಲಿ ರತ್ನಾಗಿರಿ ಬರುವಷ್ಟರಲ್ಲಿ ಬಕೆಟ್ ಹಿಡಿದು ಒಬ್ಬರು ಬಂದೇ ಬಂದರು. ವಿಮಾನದವರು ನಗುನಗುತ್ತಾ ಮಾತಾಡುತ್ತಾರೆ, ಆದರೆ ಕೇಳದೆ ಏನೂ ಕೊಡುವುದಿಲ್ಲ. ನಮ್ಮ ಮಂಗಳೂರಿನಂಥ ಸಣ್ಣ ಹಾರಾಟ 2 ಗಂಟೆ ತಡವಾದರೆ ತಿಂಡಿ ಕೊಡಬೇಕು. 6 ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು.

ರೈಲಿಗೂ ಇಂಥದ್ದೇ ನಿಯಮ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನೀವು ಹತ್ತುವ ಸ್ಟೇಷನ್ನಿಗೆ ಗಾಡಿ 3 ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹೋಗದಿದ್ದರೆ, ಪೂರ್ತಿ ದುಡ್ಡು ವಾಪಸು. ಮಳೆಗಾಲದಲ್ಲಿ ಕೊಂಕಣದ ದಾರಿಯಲ್ಲಿ ಗುಡ್ಡ ಕುಸಿದಾಗ ಇದು ಬೇಕಾಗುತ್ತದೆ. ಆದರೆ ಟಿಡಿಆರ್, ಅಂದರೆ ದುಡ್ಡು ವಾಪಸು ಕೇಳುವ ಅರ್ಜಿ, ಹಾಕುವುದು ಗಾಡಿ ಅಲ್ಲಿಂದ ಹೊರಡುವ ಮೊದಲು. ಮನೆಗೆ ಹೋಗಿ ಚಹಾ ಕುಡಿದು ಹಾಕೋಣ ಅನ್ನಬೇಡಿ, ಠಾಣೆಯ ಪ್ಲಾಟ್‌ಫಾರ್ಮಿನಲ್ಲೇ ನಿಂತು ಹಾಕಿ.